ಟ್ರೈಲರ್‌ನ ಮೂತಿ ಹಗುರವಾದ ದಿನ

ಬೇಸಿಗೆ ರಜೆ ಶುರುವಾಯಿತೆಂದರೆ ನಮ್ಮ ಗೈದರ್ಸ್‌ಬರ್ಗ್ ಕನ್ನಡದವರ ಮನೆಗಳಲ್ಲಿ ಒಂದೇ ಜಗಳ. ಪ್ರಯಾಣಕ್ಕೆ ಯಾವ ಸಾಮಾನು ಒಯ್ಯಬೇಕು, ಯಾವುದನ್ನು ಬಿಡಬೇಕು? ಕೊನೆಗೆ ಯಾವುದನ್ನೂ ಬಿಡುವುದಿಲ್ಲ. ಎರಡು ದಿನದ ದಾರಿಗೂ ಕುಕ್ಕರ್ ಬೇಕು, ಒಗ್ಗರಣೆ ಸೌಟು ಬೇಕು, ಉಪ್ಪಿನಕಾಯಿ ಜಾಡಿ ಬೇಕು. ಇದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಬ್ಯಾಗಿನಲ್ಲೂ ಚಟ್ನಿಪುಡಿ ಡಬ್ಬಿ ಇರುತ್ತದೆ ಅನ್ನಿ, ಅದು ಬೇರೆ ಮಾತು.

ನಾನು ಹರಿಣಿ. ನನ್ನ ತಂಗಿ ವಸಂತಾ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ಕಿವಿಗೊಟ್ಟು ಕೇಳಿ. ಅಟ್ಲಾಂಟದ ಒಲಿಂಪಿಕ್ಸ್‌ಗೆ ಇನ್ನೊಂದು ವರ್ಷವಿದೆ ಎನ್ನುವ ಜೂನ್ ತಿಂಗಳು ಅದು. ವಸಂತಾಳ ಗಂಡ ವೇಣುಗೋಪಾಲನ ತಂಗಿ ವೇದಾ, ಅಟ್ಲಾಂಟ ಪಕ್ಕದ ಡುಲುತ್‌ನಲ್ಲಿದ್ದಾಳೆ. ಆಷಾಢ ಬರುವುದರೊಳಗೆ ಅವಳಿಗೆ ಸೀಮಂತ ಮಾಡಬೇಕಿತ್ತು. ಅದಕ್ಕೆಂದೇ ವೇಣುವಿನ ತಾಯಿ ರಾಜಲಕ್ಷ್ಮಮ್ಮ ಮೈಸೂರಿನಿಂದ ಬಂದಿದ್ದರು.

ರಾಜಲಕ್ಷ್ಮಮ್ಮನವರದು ಮಡಿ. ಹೋಟೆಲಿನ ನೀರು ಕೂಡ ಮುಟ್ಟುವುದಿಲ್ಲ. ಮೇಲಾಗಿ ಮೊಣಕಾಲು ನೋವು. ಕಾರಿನಲ್ಲಿ ಅಷ್ಟು ದೂರ ಕಾಲು ಮಡಿಸಿ ಕೂರುವುದು ಹೇಗೆ? ವೇಣು ತಲೆ ಓಡಿಸಿ, ಆಫೀಸಿನಲ್ಲಿ ರಿಟೈರ್ ಆಗುತ್ತಿದ್ದ ಒಬ್ಬರಿಂದ ಅವರ ಹಳೆಯ ಟ್ರೈಲರ್ ಕೊಂಡುಬಿಟ್ಟ. ವ್ಯಾನಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ, ಚಕ್ರದ ಮೇಲಿನ ಮನೆ.

ಅಬ್ಬಬ್ಬಾ! ಅದು ಬಂದ ದಿನ ಬೀದಿಯವರೆಲ್ಲ ಡ್ರೈವ್‌ವೇನಲ್ಲಿ ನಿಂತೆವು. ಬಾಗಿಲು ತೆರೆದರೆ ಒಲೆ, ಫ್ರಿಜ್ಜು, ಕೈ ತೊಳೆಯುವ ಸಿಂಕು, ಪರದೆ ಹಾಕಿದ ಕಿಟಕಿ. ಮುಂದುಗಡೆ ಅಗಲವಾದ ಹಾಸಿಗೆ, ಅದರ ಮೇಲೆ ಸಾಲು ಕಪಾಟು. ಮೂಲೆಯಲ್ಲಿ ಬಚ್ಚಲು ಕೂಡ! ರಾಜಲಕ್ಷ್ಮಮ್ಮ ನಲ್ಲಿ ತಿರುಗಿಸಿದರು, ನೀರು ಬಂತು. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತೇಬಿಟ್ಟರು.

"ನಮ್ಮ ಅಗ್ರಹಾರದ ಮನೇಲೂ ಇಷ್ಟು ಅಚ್ಚುಕಟ್ಟು ಇರ್ಲಿಲ್ಲ ಕಣೋ ವೇಣು! ನಾನು ಇಲ್ಲೇ ಮಲಗಿ ಬರ್ತೀನಿ. ಯಾಮಿನೀನೂ ನನ್ನ ಜೊತೆ ಮಲಗ್ತಾಳೆ. ನೀವು ಮುಂದೆ ವ್ಯಾನ್‌ನಲ್ಲಿ ಆರಾಮಾಗಿ ಹೋಗಿ."

ಮೂರನೇ ಕ್ಲಾಸಿನ ಮೊಮ್ಮಗಳು ಯಾಮಿನಿ ಹಾಸಿಗೆಯ ಮೇಲೆ ಕುಣಿದಳು. "ಯೆಸ್! ಅಜ್ಜಿ, ದಿಸ್ ಈಸ್ ಸೋ ಕೂಲ್! ನಾನು ವಿಂಡೋ ಸೈಡ್!"

ಕೂಡಲೇ ಹೋಗಿ ತನ್ನ ಹೂವಿನ ಚಿತ್ತಾರದ ದಿಂಬು ತಂದು ಕಿಟಕಿ ಪಕ್ಕ ಇಟ್ಟಳು.

ಹೊರಡುವ ಹಿಂದಿನ ದಿನ ಸಾಮಾನು ತುಂಬುವ ಯಜ್ಞ. ಅದಕ್ಕೆ ರಾಜಲಕ್ಷ್ಮಮ್ಮನೇ ಯಜಮಾನಿ. ದೇವರ ಪೆಟ್ಟಿಗೆ ಮುಂದೆ ಹಾಸಿಗೆಯ ತಲೆಗಡೆ. ಮಡಿ ಪಾತ್ರೆಗಳು, ಪಾಯಸ ಮಾಡುವ ದೊಡ್ಡ ಹಿತ್ತಾಳೆ ಪಾತ್ರೆ ಸಮೇತ, ಹಾಸಿಗೆಯ ಮೇಲಿನ ಕಪಾಟಿಗೆ. ಅಡುಗೆಮನೆಯ ಉಳಿದದ್ದೆಲ್ಲ ಮುಸುರೆ ಲೆಕ್ಕ. ಅದು ದೇವರಿಗೆ ತಾಗಬಾರದು. ಹಾಗಾಗಿ ಕಲ್ಲಿನ ಗ್ರೈಂಡರ್, ಅಕ್ಕಿ ಮೂಟೆಗಳು, ಬೇಳೆ, ಎಣ್ಣೆ ಡಬ್ಬಗಳು, ಕುಕ್ಕರ್‌ಗಳು, ತೆಂಗಿನಕಾಯಿ ಚೀಲ ಎಲ್ಲವೂ ಟ್ರೈಲರ್‌ನ ಕಟ್ಟಕಡೆಯ ಹಿಂಬದಿಗೆ ಹೋದವು.

"ಮಡಿ ಮುಂದೆ, ಮುಸುರೆ ಹಿಂದೆ. ಅಷ್ಟೇ," ಎಂದು ಅವರು ಕೈ ಝಾಡಿಸಿದರು. ನಾವೂ ತಲೆಯಾಡಿಸಿದೆವು. ನಮ್ಮ ಮನೆಗಳಲ್ಲಿ ಇದಕ್ಕೆ ಎದುರು ಹೇಳುವವರು ಯಾರು?

ಅಷ್ಟರಲ್ಲಿ ಎದುರು ಮನೆಯ ಸಾಲೆಹಾ ಬಂದಳು. ಅವಳೂ ಮೈಸೂರಿನವಳೇ, ಮಂಡಿ ಮೊಹಲ್ಲದ ಹುಡುಗಿ. ಇಲ್ಲಿ ಸರ್ಕಾರಿ ಲ್ಯಾಬ್ ಒಂದರಲ್ಲಿ ತೂಕ, ಅಳತೆಯ ಕೆಲಸ. ಅವಳೂ ಗಂಡ ಇನಾಯತುಲ್ಲಾನೂ ಪ್ರತಿ ಬೇಸಿಗೆಯಲ್ಲಿ ಟ್ರೈಲರ್ ಎಳೆದುಕೊಂಡು ವರ್ಜೀನಿಯಾದ ಬೆಟ್ಟಗಳಿಗೆ ಹೋಗುವವರು. ದಾರಿಗೆ ತಿನ್ನಲಿ ಎಂದು ಒಂದು ಬುಟ್ಟಿ ಚೆರ್ರಿ ಹಣ್ಣು ತಂದಿದ್ದಳು.

ಟ್ರೈಲರ್ ಇನ್ನೂ ವ್ಯಾನಿಗೆ ಸಿಕ್ಕಿಸಿರಲಿಲ್ಲ. ಚಕ್ರಗಳಿಗೆ ಮರದ ತುಂಡು ಅಡ್ಡ ಕೊಟ್ಟು ನಿಲ್ಲಿಸಿತ್ತು. ವೇಣು ಬೀಗುತ್ತ ಅದರ ಮೂತಿಯ ಹತ್ತಿರ ಹೋದ. ಮೂತಿ ಎಂದರೆ ವ್ಯಾನಿನ ಕೊಂಡಿಗೆ ಕೂರುವ ಮುಂದಿನ ಕಬ್ಬಿಣದ ತುದಿ.

"ಸಾಲೆಹಾ, ಒಂದು ಮ್ಯಾಜಿಕ್ ನೋಡಿ. ವಸಂತಾ, ಎತ್ತು ಇದನ್ನ!"

ವಸಂತಾ ಹೆದರುತ್ತಲೇ ಕೈ ಹಾಕಿದಳು. ಒಂದೇ ಕೈ. ಅಷ್ಟು ದೊಡ್ಡ ಮನೆಯ ಮೂತಿ ಸಲೀಸಾಗಿ ಮೇಲಕ್ಕೆದ್ದಿತು! ನನ್ನ ಕಣ್ಣು ಅರಳಿಹೋಯಿತು. ರಾಜಲಕ್ಷ್ಮಮ್ಮ, "ಕೃಷ್ಣ ಪರಮಾತ್ಮ ಗೋವರ್ಧನ ಎತ್ತಿದ ಹಾಗಾಯ್ತಲ್ಲೇ!" ಎಂದು ಕೆನ್ನೆಗೆ ಕೈ ಹಚ್ಚಿದರು.

"ನೋಡಿದ್ರಾ, ಎಷ್ಟು ಲೈಟ್!" ಎಂದ ವೇಣು. "ವ್ಯಾನ್‌ಗೆ ಭಾರಾನೇ ಗೊತ್ತಾಗಲ್ಲ."

ಸಾಲೆಹಾ ನಗಲಿಲ್ಲ.

"ಅಯ್ಯೋ, ಇಳಿಸಿಬಿಡಿ ವಸಂತಾ. ವೇಣು, ಇದು ಖುಷಿ ಪಡೋ ವಿಷಯ ಅಲ್ಲ. ಮೂತಿ ಲೈಟ್ ಆಗಿದೆ ಅಂದ್ರೆ ಭಾರ ಎಲ್ಲ ಬಾಲಕ್ಕೆ ಹೋಗಿದೆ. ಸ್ಪೀಡ್‌ನಲ್ಲಿ ಹೋಗುವಾಗ ಆ ಬಾಲ ಅಲ್ಲಾಡೋಕೆ ಶುರು ಮಾಡತ್ತೆ. ಆಮೇಲೆ ಟ್ರೈಲರ್ ನೀವು ಹೇಳಿದ ಮಾತು ಕೇಳಲ್ಲ, ಅದು ಹೇಳಿದ್ದನ್ನ ವ್ಯಾನ್ ಕೇಳತ್ತೆ."

"ಏನ್ರೀ ಇದು, ಎತ್ತಿನ ಗಾಡಿ ಕಥೆ ಹೇಳ್ತೀರಲ್ಲ," ಎಂದು ವೇಣು ನಕ್ಕ.

"ಎತ್ತಿನ ಗಾಡೀಲೂ ಹಿಂದೆ ಭಾರ ಹಾಕಿದ್ರೆ ನೊಗ ಮೇಲಕ್ಕೇಳಲ್ವಾ? ಒಟ್ಟು ಭಾರ ಹತ್ತು ಪಾಲು ಅಂದ್ಕೊಳ್ಳಿ. ಒಂದು ಪಾಲಿಗಿಂತ ಚೂರು ಜಾಸ್ತೀನೇ ಮೂತಿ ಮೇಲೆ ಕೂರ್ಬೇಕು. ಭಾರದ ಸಾಮಾನು ನೆಲದ ಮೇಲೆ, ಚಕ್ರದ ಹತ್ರ, ಚಕ್ರಕ್ಕಿಂತ ಸ್ವಲ್ಪ ಮುಂದೆ ಇರ್ಬೇಕು. ಕಪಾಟಲ್ಲಿ ಬಟ್ಟೆ, ಟವೆಲ್ ಇಡಿ, ಹಿತ್ತಾಳೆ ಅಲ್ಲ."

"ಅಲ್ಲಮ್ಮಾ," ಎಂದು ರಾಜಲಕ್ಷ್ಮಮ್ಮ ನಡುವೆ ಬಂದರು. "ಮುಸುರೆ ಸಾಮಾನು ತಂದು ದೇವರ ಮಗ್ಗುಲಲ್ಲಿ ಇಡು ಅಂತೀಯಾ? ನಾನು ಅಲ್ಲಿ ಮಲಗಬೇಕು, ಮಗು ಮಲಗಬೇಕು."

ಸಾಲೆಹಾ ಬೆಚ್ಚಿದಳು. "ಆಂಟಿ! ಓಡೋ ಟ್ರೈಲರ್ ಒಳಗೆ ನೀವು ಮಲಗ್ತೀರಾ? ಬೇಡ, ಖಂಡಿತಾ ಬೇಡ. ಅಲ್ಲಿ ಬೆಲ್ಟ್ ಇಲ್ಲ, ಏನಿಲ್ಲ. ಎಷ್ಟೋ ಸ್ಟೇಟ್‌ಗಳಲ್ಲಿ ಕಾನೂನೂ ಒಪ್ಪಲ್ಲ. ಟ್ರೈಲರ್ ನಿಂತಾಗ ಮನೆ, ಓಡುವಾಗ ಬರೀ ಸಾಮಾನಿನ ಪೆಟ್ಟಿಗೆ."

"ನನ್ನ ಮೊಣಕಾಲು ನಿನಗೇನು ಗೊತ್ತು ತಾಯಿ?"

"ಗೊತ್ತು ಆಂಟಿ, ನಮ್ಮಮ್ಮಂಗೂ ಅದೇ ನೋವು. ಆಗಾಗ ನಿಲ್ಲಿಸಿ, ಇಳಿದು ನಡೀರಿ. ನಿಂತಾಗ ಒಳಗೆ ಹೋಗಿ ಕಾಲು ಚಾಚಿ. ಕೈ ಮುಗೀತೀನಿ, ಆ ಮಗೂನ ಮಾತ್ರ ಒಳಗೆ ಮಲಗಿಸಬೇಡಿ."

ಅವಳು ನಿಜವಾಗಿಯೂ ಕೈ ಮುಗಿದಳು. ರಾಜಲಕ್ಷ್ಮಮ್ಮನ ಮನಸ್ಸು ಒಂದಿಷ್ಟು ಮೆತ್ತಗಾದರೂ ಹಟ ಮೆತ್ತಗಾಗಲಿಲ್ಲ.

"ನೋಡು, ಬೆಳಿಗ್ಗೆ ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಹೋಗಿ ಗಾಡಿ ಪೂಜೆ ಮಾಡಿಸ್ತೀವಿ. ಪೂಜೆ ಆಗದ ಗಾಡೀಲಿ ನಾನೂ ಮಲಗಲ್ಲ, ಮಗೂನೂ ಮಲಗಿಸಲ್ಲ. ಪೂಜೆ ಆದ್ಮೇಲೆ ಮಾತ್ರ ನೀನು ಅಡ್ಡ ಬರಬಾರದು."

"ಸಾಮಾನು ಅಲ್ಲೇ ಸರಿ ಮಾಡ್ತೀನಿ ಬಿಡಿ," ಎಂದ ವೇಣು. "ಲ್ಯಾನ್‌ಹ್ಯಾಮ್ ಏನು ಲಂಕೇನಾ? ಹೋಗೋದೇ ಒಂದು ಗಳಿಗೆ."

ತಲೆ ಗಟ್ಟಿಯಿದೆ ಎಂದು ಬಂಡೆಗೆ ಹಾಯಬಾರದು ಎನ್ನುತ್ತಾರೆ. ನಮ್ಮ ವೇಣುವಿಗೆ ಆ ಗಾದೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಾಲೆಹಾ ವಸಂತಾಳನ್ನು ವ್ಯಾನಿನೊಳಗೆ ಕರೆದುಕೊಂಡು ಹೋಗಿ ಡ್ಯಾಶ್‌ಬೋರ್ಡಿನ ಕೆಳಗಿದ್ದ ಪುಟ್ಟ ಲಿವರ್ ತೋರಿಸಿದಳು.

"ಇದನ್ನ ಒತ್ತಿದ್ರೆ ಟ್ರೈಲರ್‌ದು ಮಾತ್ರ ಬ್ರೇಕ್ ಹಿಡಿಯತ್ತೆ. ಬಾಲ ಅಲ್ಲಾಡಿದ್ರೆ ಅವರು ಕಾಲಲ್ಲಿ ಜೋರಾಗಿ ಬ್ರೇಕ್ ತುಳೀಬಾರದು, ಸ್ಪೀಡ್ ಜಾಸ್ತೀನೂ ಮಾಡಬಾರದು. ಗ್ಯಾಸ್ ಪೆಡಲ್ ಮೇಲಿಂದ ಕಾಲು ತೆಗೀಬೇಕು, ಸ್ಟಿಯರಿಂಗ್ ನೆಟ್ಟಗೆ ಹಿಡೀಬೇಕು. ಈ ಲಿವರ್ ಮೆತ್ತಗೆ ಒತ್ತಬೇಕು. ನೀವು ನೆನಪಿಟ್ಕೊಳ್ಳಿ ವಸಂತಾ, ಅವರು ಇಟ್ಕೊಳ್ಳಲ್ಲ."

ಬೆಳಿಗ್ಗೆ ಹೊರಟೆವು. ವೇಣು ಮತ್ತು ವಸಂತಾ ಮುಂದೆ. ನಾನು, ರಾಜಲಕ್ಷ್ಮಮ್ಮ, ಯಾಮಿನಿ ಹಿಂದಿನ ಸೀಟಿನಲ್ಲಿ. ಯಾಮಿನಿಯದು ಒಂದೇ ವರಾತ. "ಅಜ್ಜಿ, ಪೂಜೆ ಆದ್ಮೇಲೆ ಟ್ರೈಲರ್ ಅಲ್ಲಿ ಸ್ಲೀಪ್ ಮಾಡೋಣ, ಪ್ರಾಮಿಸ್?" ಅಜ್ಜಿ ಅವಳ ಕೈ ಮೇಲೆ ಕೈ ಹಾಕಿ ಪ್ರಾಮಿಸ್ ಮಾಡಿದರು.

ಊರು ಸುತ್ತುವ ಹೆದ್ದಾರಿ ಬೆಲ್ಟ್‌ವೇ ಸೇರುವ ತನಕ ಎಲ್ಲ ಚೆನ್ನಾಗಿತ್ತು. ವೇಣು ಸೀಟಿ ಹಾಕುತ್ತಿದ್ದ. ರಸ್ತೆ ಇಳಿಜಾರಾಯಿತು. ಒಂದು ದೊಡ್ಡ ಟ್ರಕ್ ನಮ್ಮನ್ನು ದಾಟಿ ಮುಂದೆ ಹೋಯಿತು. ಅದರ ಗಾಳಿ ತಗುಲಿದ್ದೇ ತಡ, ಹಿಂದಿನಿಂದ ಯಾರೋ ಸೀರೆಯ ಸೆರಗು ಜಗ್ಗಿದ ಹಾಗೆ ವ್ಯಾನು ಒಂದು ಸಲ ಪಕ್ಕಕ್ಕೆ ಎಳೆಯಿತು. ಆಮೇಲೆ ಇನ್ನೊಂದು ಪಕ್ಕಕ್ಕೆ.

ನಾನು ತಿರುಗಿ ನೋಡಿದೆ. ದೇವರೇ! ಆ ಮನೆ, ಒಲೆ ಇದ್ದ, ಫ್ರಿಜ್ಜಿದ್ದ, ಪರದೆ ಹಾಕಿದ್ದ ಆ ಇಡೀ ಮನೆ, ರಸ್ತೆಯ ಮೇಲೆ ಮೊಸಳೆಯ ಬಾಲದಂತೆ ಅತ್ತಿಂದಿತ್ತ ಬೀಸುತ್ತಿತ್ತು. ಒಮ್ಮೆ ಎಡಗಡೆಯ ಸಾಲಿಗೆ, ಒಮ್ಮೆ ಬಲಗಡೆಯ ಸಾಲಿಗೆ. ಹಿಂದಿನ ಕಾರುಗಳು ಹಾರ್ನ್ ಹೊಡೆದು ಚದುರಿದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದನ್ನು ಬಾಯಲ್ಲಿ ಆಡಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ಇಷ್ಟು ಶಕ್ತಿ ಎಲ್ಲಿ ಅಡಗಿತ್ತು? ನಿನ್ನೆ ನನ್ನ ತಂಗಿ ಒಂದೇ ಕೈಯಲ್ಲಿ ಎತ್ತಿದ ಮೂತಿ ಇವತ್ತು ನಮ್ಮೆಲ್ಲರನ್ನೂ ಎತ್ತಿ ಎಸೆಯಲು ಹೊರಟಿತ್ತು.

ವೇಣುವಿನ ಕಾಲು ಬ್ರೇಕಿನ ಕಡೆ ಹೋಯಿತು.

"ಬ್ರೇಕ್ ತುಳೀಬೇಡಿ ರೀ!" ವಸಂತಾ ಚೀರಿದಳು. "ಕಾಲು ತೆಗೀರಿ! ಸ್ಟಿಯರಿಂಗ್ ನೆಟ್ಟಗೆ ಹಿಡೀರಿ!"

ಅವಳೇ ಬಗ್ಗಿ ಆ ಲಿವರ್ ಹಿಡಿದು ಮೆತ್ತಗೆ ಒತ್ತಿದಳು. ಬಾಲ ಇನ್ನೊಮ್ಮೆ ಬೀಸಿತು. ಆಮೇಲೆ ಸಣ್ಣದಾಗಿ. ಆಮೇಲೆ ಇನ್ನೂ ಸಣ್ಣದಾಗಿ. ಕೊನೆಗೆ ಏನೂ ಆಗಿಲ್ಲವೆಂಬಂತೆ ನಮ್ಮ ಹಿಂದೆ ನೆಟ್ಟಗೆ ಬಂತು. ವೇಣು ನಿಧಾನವಾಗಿ ಮುಂದಿನ ಎಕ್ಸಿಟ್ ತೆಗೆದುಕೊಂಡು ಒಂದು ಅಂಗಡಿಯ ಪಾರ್ಕಿಂಗ್ ಲಾಟ್‌ನಲ್ಲಿ ನಿಲ್ಲಿಸಿದ. ಅವನ ಕೈ ಸ್ಟಿಯರಿಂಗ್ ಬಿಟ್ಟು ಬರಲೇ ಇಲ್ಲ. ಬೆರಳುಗಳನ್ನು ವಸಂತಾಳೇ ಬಿಡಿಸಿದಳು.

ರಾಜಲಕ್ಷ್ಮಮ್ಮ ಇಳಿದು ಟ್ರೈಲರ್‌ನ ಬಾಗಿಲು ತೆರೆದರು. ಅವರ ಹಿಂದೆ ನಾನು.

ಗ್ರೈಂಡರಿನ ಕಲ್ಲು ಬಾಗಿಲ ಹತ್ತಿರ ಬಿದ್ದಿತ್ತು. ಅಕ್ಕಿ ಮೂಟೆ ಒಡೆದು ನೆಲವೆಲ್ಲ ಅಕ್ಕಿ. ಆದರೆ ಅವರು ನೋಡುತ್ತಿದ್ದದ್ದು ಅದನ್ನಲ್ಲ. ಹಾಸಿಗೆಯ ಮೇಲಿನ ಕಪಾಟು ಬಾಯಿ ತೆರೆದುಕೊಂಡಿತ್ತು. ಪಾಯಸದ ಹಿತ್ತಾಳೆ ಪಾತ್ರೆ ಕೆಳಗೆ ಬಿದ್ದು, ಕಿಟಕಿ ಪಕ್ಕದ ಹೂವಿನ ದಿಂಬಿನೊಳಗೆ ಕಂಠದ ತನಕ ಹೂತು ಕೂತಿತ್ತು. ದಿಂಬು ಹರಿದು ಹತ್ತಿ ಹೊರಬಂದಿತ್ತು.

"ಅಜ್ಜಿ," ಎಂದಳು ಯಾಮಿನಿ ಮೆಟ್ಟಿಲ ಮೇಲೆ ನಿಂತು. "ದಟ್ಸ್ ಮೈ ಪಿಲ್ಲೋ."

ರಾಜಲಕ್ಷ್ಮಮ್ಮ ಅವಳನ್ನು ಬಾಚಿ ಎದೆಗವಚಿಕೊಂಡು ಅಲ್ಲೇ ಅಕ್ಕಿಯ ಮೇಲೆ ಕುಸಿದರು. ಅಷ್ಟು ಗಟ್ಟಿ ಹೆಂಗಸು ಬಿಕ್ಕಿ ಬಿಕ್ಕಿ ಅತ್ತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನಾವೆಲ್ಲರೂ ಅತ್ತೆವು.

"ದೇವರು ಕಾಪಾಡಿದ ಅಮ್ಮ," ಎಂದ ವೇಣು.

"ಹೌದು ಕಣೋ, ಒಂದು ಸಲ ಕಾಪಾಡಿದಾನೆ. ದಿನಾ ಅವನಿಗೆ ಇದೇ ಕೆಲಸ ಕೊಡ್ತೀಯಾ?" ಎಂದು ಅವರು ಕಣ್ಣು ಒರೆಸಿಕೊಂಡರು. "ಹೋಗು, ಆ ಹುಡುಗಿ ಸಾಲೆಹಾಗೆ ಫೋನ್ ಮಾಡು. ನನ್ನ ಮಾತು ಅಂತ ಹೇಳು. ತಪ್ಪಾಯ್ತಂತೆ, ಬರ್ಬೇಕಂತೆ ಅನ್ನು."

ಅಂಗಡಿಯ ಮುಂದಿನ ಪೇ ಫೋನಿನಿಂದ ವೇಣು ಫೋನ್ ಮಾಡಿದ. ಸಾಲೆಹಾ, ಇನಾಯತುಲ್ಲಾ ಇಬ್ಬರೂ ಕೂಡಲೇ ಬಂದರು. "ನಾನು ಹೇಳಿರಲಿಲ್ವಾ" ಎಂಬ ಒಂದು ಮಾತು ಸಾಲೆಹಾಳ ಬಾಯಿಂದ ಬರಲಿಲ್ಲ. ಬಂದವಳೇ ತೋಳು ಮಡಿಸಿ ಸಾಮಾನು ಇಳಿಸತೊಡಗಿದಳು. ನಾನಾಗಿದ್ದರೆ ಹೇಳದೆ ಬಿಡುತ್ತಿರಲಿಲ್ಲ.

ಈ ಸಲ ತುಂಬಿಸಿದ್ದೇ ಬೇರೆ. ಗ್ರೈಂಡರ್ ಚಕ್ರದ ಮೇಲ್ಭಾಗದ ನೆಲಕ್ಕೆ, ಪಟ್ಟಿ ಬಿಗಿದು. ಅಕ್ಕಿ, ಬೇಳೆ ಅದರ ಮುಂದೆ. ಹಿತ್ತಾಳೆ ಪಾತ್ರೆಯೂ ಕೆಳಕ್ಕೆ ಬಂತು. ಕಪಾಟಿಗೆ ಸೀರೆ, ಟವೆಲ್. ಗ್ಯಾಸ್ ಸಿಲಿಂಡರ್‌ನ ವಾಲ್ವ್ ಮುಚ್ಚಿದೆಯೇ ಎಂದು ಇನಾಯತುಲ್ಲಾ ನೋಡಿದರು. ಟೈರುಗಳನ್ನು ತಟ್ಟಿ, ಬದಿಯಲ್ಲಿ ಬಿರುಕು ಬಿಟ್ಟಿದ್ದ ಒಂದನ್ನು ತೋರಿಸಿ, "ಇದು ಅಟ್ಲಾಂಟ ನೋಡಲ್ಲ, ಬದಲಾಯಿಸಿ" ಎಂದರು. ವೇಣು ಎದುರಾಡದೆ ಹೋಗಿ ಬದಲಾಯಿಸಿಕೊಂಡು ಬಂದ. ಕೊಂಡಿಯ ಕೆಳಗೆ ಸರಪಳಿಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸಿ ಸಿಕ್ಕಿಸಿದರು. ಕೊಂಡಿ ಬಿಚ್ಚಿ ನಿಲ್ಲಿಸಿದ್ದ ಟ್ರೈಲರನ್ನು ವ್ಯಾನಿಗೆ ಸಿಕ್ಕಿಸುವ ಮುಂಚೆ ವಸಂತಾ ಮತ್ತೆ ಮೂತಿಗೆ ಕೈ ಹಾಕಿದಳು. ಎರಡು ಕೈ ಹಾಕಿ ಮುಕ್ಕಿರಿದರೂ ಅದು ಮಿಸುಕಲಿಲ್ಲ.

"ಮತ್ತೆ ಮುಸುರೆ?" ಎಂದು ನಾನು ಮೆಲ್ಲಗೆ ಕೆಣಕಿದೆ.

"ಮಗು ಮುಂದೆ ಎಂಥ ಮುಸುರೆ, ಸುಮ್ನಿರೇ ಹರಿಣಿ," ಎಂದು ರಾಜಲಕ್ಷ್ಮಮ್ಮ ಗದರಿದರು. ದೇವರ ಪೆಟ್ಟಿಗೆಯನ್ನು ತಾವೇ ತಂದು ವ್ಯಾನಿನ ಸೀಟಿನಲ್ಲಿಟ್ಟು, ಅದಕ್ಕೂ ಬೆಲ್ಟ್ ಹಾಕಿಸಿದರು.

ಲ್ಯಾನ್‌ಹ್ಯಾಮಿನಲ್ಲಿ ಪೂಜೆಯಾಯಿತು. ದಕ್ಷಿಣಕ್ಕೆ ಹೊರಟೆವು. ಏನು ದಾರಿ ಅದು! ವರ್ಜೀನಿಯಾದ ಕಾಡು ಮುಗಿಯುವಷ್ಟರಲ್ಲಿ ಕ್ಯಾರೊಲೈನಾದ ಕೆಂಪು ಮಣ್ಣು. ಇಡೀ ಮರಗಳನ್ನೇ ಮುಚ್ಚಿಬಿಟ್ಟ ಬಳ್ಳಿಗಳು. ಗ್ಯಾಫ್ನಿ ಎಂಬ ಊರಿನ ಹತ್ತಿರ ಆಕಾಶದಲ್ಲಿ ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕು, ನೋಡಿ ರಾಜಲಕ್ಷ್ಮಮ್ಮ ಕೈಯೆತ್ತಿ ಮುಗಿದೇಬಿಟ್ಟರು. ಟ್ರಕ್ಕುಗಳು ದಾಟಿದವು, ಗಾಳಿ ಬೀಸಿತು. ನಮ್ಮ ಮನೆ ಮಾತ್ರ ಹಸುವಿನ ಹಿಂದೆ ಕರು ಬಂದಂತೆ ಬಂತು.

ರೆಸ್ಟ್ ಏರಿಯಾ ಸಿಕ್ಕಲ್ಲೆಲ್ಲ ಇಳಿದು ನಡೆದೆವು. ಅಂಥದ್ದೊಂದು ಕಡೆ, ಸೌತ್ ಕ್ಯಾರೊಲೈನಾದಲ್ಲಿ, ನಮ್ಮ ಮುಂದೆಯೇ ಒಂದು ಪಿಕಪ್ ಟ್ರಕ್ ಟ್ರೈಲರ್ ಎಳೆದುಕೊಂಡು ಹೊರಡುತ್ತಿತ್ತು. ಟ್ರೈಲರ್‌ನ ಕಿಟಕಿಯ ಗಾಜಿಗೆ ಎರಡು ಪುಟ್ಟ ಮಕ್ಕಳು ಮೂಗು ಒತ್ತಿಕೊಂಡು ನಮಗೆ ಟಾಟಾ ಮಾಡುತ್ತಿದ್ದವು.

ನಾವು ಕೈಯೆತ್ತುವಷ್ಟರಲ್ಲಿ ರಾಜಲಕ್ಷ್ಮಮ್ಮ ಓಡಿಯಾಗಿತ್ತು. ಮೊಣಕಾಲು ನೋವಿನ ಆ ಹೆಂಗಸು ಸೀರೆ ಎತ್ತಿ ಕಟ್ಟಿ, ಟ್ರಕ್ಕಿನ ಎದುರಿಗೇ ಹೋಗಿ ಎರಡೂ ಕೈ ಚಾಚಿ ನಿಂತರು!

"ನಿಲ್ಸಯ್ಯಾ! ಮಕ್ಕಳನ್ನ ಇಳ್ಸು! ಇಳ್ಸು ಅಂದೆ!"

ಟ್ರಕ್ ನಿಂತಿತು. ಟೋಪಿ ಹಾಕಿದ ಎತ್ತರದ ಮನುಷ್ಯ ತಲೆ ಹೊರಹಾಕಿದ. ಅವನಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು. ಇವರು ಟ್ರೈಲರ್ ತೋರಿಸುತ್ತಾರೆ, ತಲೆ ತೋರಿಸುತ್ತಾರೆ, ಮತ್ತೆ ಕೈ ಮುಗಿಯುತ್ತಾರೆ. ಅವನು ಗಲಿಬಿಲಿಗೊಂಡು ನಮ್ಮ ಕಡೆ ನೋಡಿದ.

ಯಾಮಿನಿ ಓಡಿ ಹೋಗಿ ಅಜ್ಜಿಯ ಸೆರಗು ಹಿಡಿದು ನಿಂತಳು. "ಮೈ ಗ್ರ್ಯಾಂಡ್‌ಮಾ ಸೇಸ್ ಪ್ಲೀಸ್ ಟೇಕ್ ದೆಮ್ ಔಟ್," ಎಂದಳು. "ಎ ಬಿಗ್ ಪಾಟ್ ಫೆಲ್ ಆನ್ ಮೈ ಪಿಲ್ಲೋ. ಐ ವಾಸ್ ಗೋಯಿಂಗ್ ಟು ಬಿ ಇನ್ ದೇರ್."

ಆ ಮನುಷ್ಯ ಯಾಮಿನಿಯ ಮುಖವನ್ನೇ ನೋಡಿದ. ಎಂಜಿನ್ ಆರಿಸಿ, ಇಳಿದು, ಹಿಂದೆ ನಡೆದು ಟ್ರೈಲರ್‌ನ ಬಾಗಿಲು ತೆರೆದ. ಒಂದೊಂದೇ ಮಗುವನ್ನು ಎತ್ತಿಕೊಂಡು ಬಂದು ಟ್ರಕ್ಕಿನ ಸೀಟಿನಲ್ಲಿ ಕೂರಿಸಿದ. ರಾಜಲಕ್ಷ್ಮಮ್ಮ ಪಕ್ಕದಲ್ಲಿ ನಿಂತು, ಬೆಲ್ಟ್ ಬಿಗಿದದ್ದನ್ನು ಎಳೆದು ನೋಡಿ, ಇಬ್ಬರ ತಲೆಯನ್ನೂ ಸವರಿದ ಮೇಲೆಯೇ ದಾರಿ ಬಿಟ್ಟರು.

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ರಾಜಲಕ್ಷ್ಮಮ್ಮ ಎಲ್ಲ ಟ್ರಕ್ಕುಗಳ ಮುಂದೆ ಹೋಗಿ ನಿಲ್ಲಲಾರರು. ಸೀಮಂತ ಮುಗಿಸಿ ಅವರು ಮೈಸೂರಿಗೆ ಹೋದರು. ಹಾಗಾಗಿ ಅವರ ಪರವಾಗಿ ನಾನು ಕೇಳುತ್ತೇನೆ. ಈ ಬೇಸಿಗೆಯಲ್ಲಿ ಟ್ರೈಲರ್ ಎಳೆದುಕೊಂಡು ಹೊರಡುವ ಮುಂಚೆ ಅದರ ಮೂತಿಗೆ ಒಮ್ಮೆ ಕೈ ಹಾಕಿ. ಸಲೀಸಾಗಿ ಎದ್ದರೆ ಹೆಮ್ಮೆ ಪಡಬೇಡಿ, ಹೆದರಿ. ಸಾಮಾನೆಲ್ಲ ಇಳಿಸಿ, ಭಾರವನ್ನು ಚಕ್ರದ ಹತ್ತಿರ ತನ್ನಿ. ಎದ್ದೇಳದಿದ್ದರೂ ಅಷ್ಟಕ್ಕೇ ನಂಬಿ ಕೂರಬೇಡಿ, ಮೂತಿಯ ತೂಕವನ್ನು ಗೊತ್ತಿದ್ದವರಿಂದ ತೂಗಿಸಿ. ಟೈರು, ಸರಪಳಿ, ಬ್ರೇಕು ನೋಡಿಸಿ. ಗೊತ್ತಿಲ್ಲದಿದ್ದರೆ ಗೊತ್ತಿರುವ ನೆರೆಯವರನ್ನು ಕೇಳಿ, ಕೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಆಮೇಲೆ ಮಕ್ಕಳ ತಲೆ ಎಣಿಸಿ. ಎಲ್ಲ ತಲೆಗಳೂ ಮುಂದಿನ ಗಾಡಿಯಲ್ಲಿ, ಬೆಲ್ಟಿನೊಳಗೆ ಇದ್ದರೆ ಮಾತ್ರ ಕೀಲಿ ತಿರುಗಿಸಿ.